ಅವ್ವ ತೊಳೆದ ರೀಲು

ಬೀರು ಸರಿಸುವಾಗ ಹಳೇ ಫಿಲ್ಮ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಸೀಗೆಪುಡಿಯ ಹುಳಿ ವಾಸನೆ.

ತಂಗಿ ಜ್ವರ ಬಂದು ತೀರಿಕೊಂಡ ಮೇಲೆ ಅವಳ ಮುಖ ಉಳಿದಿದ್ದು ಆ ರೀಲಿನಲ್ಲಿ ಮಾತ್ರ. "ನಾಳೆ ಹಾಸನಕ್ಕೋಗಿ ಸ್ಟುಡಿಯೋದಲ್ಲಿ ತೊಳುಸ್ಕಂಡ್ ಬತ್ತೀನಿ" ಅಂದಿದ್ದ ಅಪ್ಪ. ಅವ್ವನಿಗೆ ಅಷ್ಟು ತಡೆಯಲಾಗಲಿಲ್ಲ. ಬಚ್ಚಲಲ್ಲಿ ಕೂತು ರೀಲನ್ನು ಪೂರ್ತಿ ಎಳೆದು, ಮಗುವಿನ ತಲೆಗೆ ಹಾಕುತ್ತಿದ್ದ ಸೀಗೆಪುಡಿಯಲ್ಲಿ ಮೆತ್ತಗೆ ತೊಳೆದು ಬಿಸಿಲಿಗೆ ಒಣಹಾಕಿದಳು. ಬೆಳಕು ಬಿದ್ದರೆ ಎಲ್ಲ ಅಳಿಸಿಹೋಗುತ್ತದೆಂದು ಅವಳಿಗೇನು ಗೊತ್ತು. ಅಪ್ಪ ಬಯ್ಯಲಿಲ್ಲ. ರೀಲು ಸುತ್ತಿ ಡಬ್ಬಿಗೆ ಹಾಕಿದವನು ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಇವತ್ತು ಅವ್ವ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅವ್ಳು ಎಂಗಿದ್ಲು ಮಗ?"

"ನಿನ್ನಂಗೇ ಇದ್ಲು ಕಣವ್ವ" ಅಂದೆ.

ನನಗೂ ನೆನಪಿಲ್ಲ.