ನೀರು ಹದವಾಗುವ ತನಕ

ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ನವಸಾಗರ ಹಾಕುವವನನ್ನು ನೋಡಿದರೆ ಯಾರಿಗಾದರೂ ಇವನ ತಲೆ ಕೆಟ್ಟಿದೆ ಅನ್ನಿಸುತ್ತದೆ. ನನ್ನ ಹೆಂಡತಿಗೂ ಹಾಗೇ ಅನ್ನಿಸಿತ್ತು. ಆ ಚಳಿಗಾಲದಲ್ಲಿ ನಮ್ಮ ನಡುಮನೆಯ ಮೂಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ನೀರು, ಗುಳುಗುಳು ಅನ್ನುವ ಫಿಲ್ಟರ್. ಮೀನು ಮಾತ್ರ ಒಂದೂ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನಾನು ಆ ನೀರನ್ನು ಒಂದು ಸಣ್ಣ ಸೀಸೆಗೆ ತುಂಬಿ, ಪರೀಕ್ಷೆಯ ಹನಿ ಬಿಟ್ಟು, ಬಣ್ಣ ನೋಡುತ್ತಾ ಕಿಟಕಿಯ ಹತ್ತಿರ ನಿಂತಿರುತ್ತಿದ್ದೆ. "ಮೀನಿಲ್ಲದಾಗ್ಲೇ ಇಷ್ಟು ಸೇವೆ. ಮೀನು ಬಂದ್ಮೇಲೆ ನಮ್ಮನ್ನೆಲ್ಲ ಹೊರಗೆ ಹಾಕ್ತೀರೇನೋ" ಎಂದು ಅವಳು ಕಾಫಿ ಲೋಟ ಕುಕ್ಕಿ ಒಳಗೆ ಹೋಗುತ್ತಿದ್ದಳು.

ಅವಳ ತಪ್ಪಿಲ್ಲ. ನನ್ನ ಸ್ವಭಾವವೇ ಹಾಗೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ. ಎಸ್ಟೇಟುಗಳಲ್ಲಿ ತೊಳೆದು ಒಣಗಿಸಿ ಕಳಿಸುವ ಬೀಜದ, ಅಂದರೆ ಪಾರ್ಚ್‌ಮೆಂಟ್ ಕಾಫಿಯ, ತೇವಾಂಶ ನೋಡುವುದು. ಮೀಟರಿನಲ್ಲಿ ನಂಬರ್ ಸರಿ ಬರದೆ ನಾನು ಒಂದು ಮೂಟೆಯನ್ನೂ ಇಳಿಸಿಕೊಂಡವನಲ್ಲ. "ಇರ್ಲಿ ಬಿಡಿ, ಅರ್ಧ ಪಾಯಿಂಟ್ ತಾನೆ" ಎಂದವರ ಲಾರಿಯನ್ನು ಮುಲಾಜಿಲ್ಲದೆ ತಿರುಗಿಸಿ ಕಳಿಸಿದ್ದೇನೆ. ಹಿಂದಿನಿಂದ ಬೈಯುತ್ತಾರೆ ಎಂದು ಗೊತ್ತಿತ್ತು. ಅದನ್ನು ನಾನು ಸನ್ಮಾನ ಎಂದೇ ತಿಳಿದಿದ್ದೆ.

ತೊಟ್ಟಿ ನನ್ನ ಆಸೆಗೆ ಬಂದದ್ದಲ್ಲ. ಮೂಡಿಗೆರೆಯಲ್ಲಿ ನನ್ನ ಗೆಳೆಯನೊಬ್ಬನಿದ್ದ. ಹೈಸ್ಕೂಲಿನಿಂದ ಜೊತೆಗಿದ್ದವನು. ಸುಟ್ಟುಹೋದ ಪಂಪಿನ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ಅವನ ಮನೆಯಲ್ಲಿ ನಾಲ್ಕು ಏಂಜೆಲ್ ಮೀನುಗಳಿದ್ದವು, ಒಂದೊಂದೂ ಅಂಗೈ ಅಗಲ. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ, ಮಕ್ಕಳಿರಲಿಲ್ಲ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅವರು ಒಲೆಯ ಮೇಲೆ ಹಾಲಿಟ್ಟು ಬಂದು ಆ ಮೀನುಗಳ ಹತ್ತಿರ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ.

ಅವನ ಲಿವರ್ ಕೆಟ್ಟಿತು. ಒಂದು ಹನಿ ಹೆಂಡ ಕುಡಿದವನಲ್ಲ, ಆದರೂ ಕೆಟ್ಟಿತು. ಮಂಗಳೂರಿನ ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ ವಾರ ನಾನು ನೋಡಲು ಹೋದೆ. ಅವನು ಕಾಯಿಲೆಯ ಮಾತೇ ಎತ್ತಲಿಲ್ಲ.

"ನೋಡು ಮಾರಾಯ, ನಾನು ಹೋದ ದಿನ ಈ ಮನೇಲಿರೋ ನೀರೆಲ್ಲ ಚೆಲ್ತಾರೆ" ಎಂದ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರಿಗೆ ಸೂತಕ ತಗಲುತ್ತದೆ, ಅದನ್ನು ಇಟ್ಟುಕೊಳ್ಳಬಾರದು ಎನ್ನುವುದು ಅವರ ಕಡೆಯ ಪದ್ಧತಿ. "ಅಪ್ಪ ಹೋದಾಗ ಹಂಡೆ, ಕೊಡ ಎಲ್ಲ ಖಾಲಿ ಮಾಡಿ, ಫ್ರಿಜ್ಜಿನ ಬಾಟ್ಲಿ ನೀರೂ ಬಿಡ್ಲಿಲ್ಲ ನಮ್ಮ ಸೋದರತ್ತೆ. ಈ ತೊಟ್ಟೀಲಿರೋದೂ ನೀರೇ ಅಲ್ವಾ?"

"ಮೀನಿದೆಯಲ್ಲೋ ಅದರಲ್ಲಿ" ಎಂದೆ.

"ಅವ್ರಿಗೆ ಅದು ಸೂತಕದ ನೀರು, ಅಷ್ಟೇ. ನಾನು ಇರೋವಾಗ್ಲೇ ಇವನ್ನ ನಿನ್ನ ಮನೆಗೆ ತಗೊಂಡು ಹೋಗು. ತಿಥಿ ಎಲ್ಲ ಮುಗಿದ ಮೇಲೆ ಇವಳಿಗೆ ವಾಪಸ್ ತಂದ್ಕೊಡು. ಬೆಳಿಗ್ಗೆ ಎದ್ರೆ ಮಾತಾಡ್ಸಕ್ಕೆ ಇವಳಿಗೆ ಒಂದು ಜೀವ ಬೇಡ್ವಾ?"

ಅತ್ತಿಗೆ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಅಳಲಿಲ್ಲ. ನಾನು ಆಗಲಿ ಎಂದೆ.

ಆದರೆ ಹೊಸ ತೊಟ್ಟಿಗೆ ನೀರು ತುಂಬಿ ಮೀನನ್ನು ನೇರ ಬಿಟ್ಟರೆ ಸಾಯುತ್ತವೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಆಗುತ್ತದೆ, ಅದು ವಿಷ. ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡಿಕೊಂಡಿರುತ್ತವೆ. ಅವು ಅಮೋನಿಯವನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನೂ ತಿಂದು ನೀರನ್ನು ಹದಕ್ಕೆ ತರುತ್ತವೆ. ಹಾಗಾಗಿ ಹಳೆಯ ಸ್ಪಂಜಿನ ತುಂಡನ್ನು ಹೊಸ ಫಿಲ್ಟರಿಗೆ ಹಾಕಿ, ಮೀನಿನ ಬದಲು ನವಸಾಗರವನ್ನೇ ಅವಕ್ಕೆ ಊಟ ಹಾಕಬೇಕು. ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಸಿಗುವ ಅದೇ ನವಸಾಗರ. ಇವತ್ತು ಹಾಕಿದ್ದು ನಾಳೆಗೆ ಪೂರ್ತಿ ಖರ್ಚಾಗಿ, ಎರಡೂ ವಿಷ ಸೊನ್ನೆಯಾದರೆ ಮೀನು ಬಿಡಬಹುದು. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅವನೇ.

ನಾನು ತೊಟ್ಟಿ, ಫಿಲ್ಟರ್ ತಂದಿಟ್ಟು ಮತ್ತೆ ಹೋದ ದಿನ ಅವನು ಕಪ್ಪಗೆ ಜೋತಾಡುತ್ತಿದ್ದ ಸ್ಪಂಜನ್ನು ಬ್ಲೇಡಿನಲ್ಲಿ ಅರ್ಧ ಕೊಯ್ದು, ತೊಟ್ಟಿಯ ನೀರಿನ ಸಮೇತ ಸ್ಟೀಲ್ ಡಬ್ಬಿಗೆ ಹಾಕಿ ಕೊಟ್ಟ. "ಒಣಗಬಾರ್ದು. ಸೀದಾ ಹೋಗಿ ನಿನ್ನ ಫಿಲ್ಟರ್‌ಗೆ ಹಾಕು. ಬೇರೆ ಎಂತದೂ ಮಾಡ್ಬೇಡ" ಎಂದ.

ನಾನು ಆ ಬೇರೆಯದನ್ನೇ ಮಾಡಿದೆ.

ನನ್ನ ಅಪ್ಪ ಅತ್ತಿಗುಂಡಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಅಂದರೆ ಲೆಕ್ಕಪತ್ರ ಬರೆಯುವ ಕೆಲಸ. ನಾನು ಬೆಳೆದದ್ದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಪಕ್ಕದ ಲೈನ್ ಮನೆಯಲ್ಲಿ. ಹಣ್ಣಿನ ಸಿಪ್ಪೆ ಬಿಟ್ಟ ಕಾಫಿ ಬೀಜದ ಮೇಲೆ ಒಂದು ಲೋಳೆ ಇರುತ್ತದೆ. ಅದು ಪೂರ್ತಿ ಹೋಗಿ, ಮುಷ್ಟಿಯಲ್ಲಿ ಉಜ್ಜಿದರೆ ಮರಳಿನ ಹಾಗೆ ತರಿತರಿ ಅನ್ನುವ ತನಕ ತೊಳೆಯಬೇಕು. ಲೋಳೆ ಉಳಿದರೆ ಕಾಫಿ ಕೆಟ್ಟಿತು. ಲೋಳೆ ಕಂಡರೆ ನನ್ನ ಕೈಗೆ ಗೊತ್ತಿರುವುದು ಒಂದೇ ಕೆಲಸ. ಮನೆಗೆ ಬಂದು ಡಬ್ಬಿ ತೆಗೆದೆ. ಸ್ಪಂಜು ಕೈಗೆ ಜಾರಿತು, ಬೆರಳಿಗೆಲ್ಲ ಕಂದು ಲೋಳೆ ಅಂಟಿತು. ಇಷ್ಟು ಗಲೀಜನ್ನು ಹೊಸ ತೊಟ್ಟಿಗೆ ಹಾಕುವುದೇ ಎಂದು ನಲ್ಲಿಯ ಕೆಳಗೆ ಹಿಡಿದು, ಹಿಂಡಿದ ನೀರು ತಿಳಿಯಾಗುವ ತನಕ ಚೆನ್ನಾಗಿ ತೊಳೆದೆ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ಇಂಥ ಜೀವಗಳಿಗೆ ವಿಷ ಎಂದು, ತೊಟ್ಟಿಗೆ ತುಂಬುವ ನೀರನ್ನು ಅದರ ವಾಸನೆ ಹೋಗಲು ಎರಡು ದಿನ ಬಯಲಲ್ಲಿ ಇಟ್ಟಿದ್ದೆ. ಸ್ಪಂಜಿನ ವಿಷಯಕ್ಕೆ ಆ ಬುದ್ಧಿ ಓಡಲಿಲ್ಲ. ಅವನು ಹೇಳಿದ ಜೀವಗಳೆಲ್ಲ ಇದ್ದದ್ದು ಆ ಲೋಳೆಯಲ್ಲೇ. ಐದು ನಿಮಿಷದಲ್ಲಿ ಎಲ್ಲವನ್ನೂ ಚರಂಡಿಗೆ ಬಿಟ್ಟು ಕೈ ಒರೆಸಿಕೊಂಡೆ.

ಹನ್ನೆರಡು ದಿನ ಸೀಸೆಯ ನೀರು ಕಡು ಹಸಿರಾಗಿಯೇ ಇತ್ತು. ಹಳದಿ ಬಂದರೆ ಅಮೋನಿಯ ಇಲ್ಲ ಎಂದು ಲೆಕ್ಕ. ಹಳದಿಯ ಸುಳಿವೂ ಇಲ್ಲ. ಅವನು ದಿನಾ ಫೋನ್ ಮಾಡಿ ಕೇಳುತ್ತಿದ್ದ, ಅವನ ದನಿ ದಿನಾ ಒಂದಿಷ್ಟು ತೆಳುವಾಗುತ್ತಿತ್ತು. ಕೊನೆಗೆ, "ನನ್ನ ಸ್ಪಂಜಿಗೆ ನಾಲ್ಕು ದಿನ ಸಾಕಿತ್ತು. ನೀನು ಎಂತ ಮಾಡಿದೆ ಹೇಳು" ಎಂದ. ಹೇಳಿದೆ.

"ಪಾರ್ಚ್‌ಮೆಂಟ್ ತೊಳೆದ ಹಾಗೆ ತೊಳ್ದ್ಯಾ ಮಾರಾಯ!" ಎಂದು ನಗಲು ಶುರು ಮಾಡಿದ. ನಗು ಕೆಮ್ಮಾಗಿ, ಫೋನು ಅತ್ತಿಗೆಯ ಕೈಗೆ ಹೋಯಿತು. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಭಾನುವಾರ ಮತ್ತೆ ಹೋದೆ. ಹೊಟ್ಟೆ ಊದಿಕೊಂಡು ಅವನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಹೇಳಿದ, ಉಳಿದ ಸ್ಪಂಜನ್ನು ಅತ್ತಿಗೆ ಕೊಯ್ದರು. "ಇದ್ದಿದ್ರಲ್ಲಿ ಅರ್ಧ ಸಾಕು. ಇನ್ನೂ ಕೊಟ್ರೆ ಇಲ್ಲಿರೋವುಕ್ಕೇ ಕಷ್ಟ." ಡಬ್ಬಿಯನ್ನು ನನ್ನ ಕೈಗೆ ಕೊಡುವಾಗ ಅತ್ತಿಗೆ, "ಇದನ್ನ ತೊಳೀಬೇಡಿ" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಈ ಸಲ ಐದನೇ ದಿನಕ್ಕೆ ಹಳದಿ ಬಂತು. ನೈಟ್ರೈಟಿನ ಸೀಸೆ ಮಾತ್ರ ನೇರಳೆಯಾಗಿಯೇ ಇತ್ತು. ಅದು ಆಕಾಶದ ತಿಳಿನೀಲಿಗೆ ಬರಬೇಕು. ಸ್ಪಂಜಿನ ತುಂಡು ಚಿಕ್ಕದು, ನೇರಳೆ ದಿನಕ್ಕೆ ಕೂದಲೆಳೆಯಷ್ಟೇ ಇಳಿಯುತ್ತಿತ್ತು. ಆಗ ಅವನ ಫೋನು ಬಂತು.

"ಸಾಕು, ಬಂದು ತಗೊಂಡು ಹೋಗು. ದಿನಾ ಅರ್ಧ ನೀರು ಬದಲಾಯಿಸ್ತಾ ಇರು, ತಡೀತವೆ."

"ಸೊನ್ನೆ ಬರ್ಲಿ ಕಣೋ. ಇನ್ನು ಎರಡು ಮೂರು ದಿನ."

"ಇದು ಕಾಫಿ ಅಲ್ಲ ಮಾರಾಯ."

ಒಂದು ಸಲ ಕೆಡಿಸಿದ್ದೇನೆ, ಎರಡನೇ ಸಲ ಕೆಡಬಾರದು ಎಂದು ನನ್ನ ಹಟ. ಹದಿನೈದು ವರ್ಷ ಮೀನು ಸಾಕಿದವನ ಮಾತಿಗಿಂತ ನನಗೆ ಸೀಸೆಯ ಬಣ್ಣ ಹೋಲಿಸಿ ನೋಡುವ ಕಾರ್ಡು ದೊಡ್ಡದಾಯಿತು. ನಾನು ನಂಬರ್ ಹೇಳುತ್ತಾ ಹೋದೆ, ಅವನು ಹೂಂ ಅನ್ನುತ್ತಾ ಹೋದ. ಅದೇ ನಮ್ಮ ಕೊನೆಯ ಮಾತು. ಎರಡು ದಿನ ಬಿಟ್ಟು ಬೆಳಿಗ್ಗೆ ಸುದ್ದಿ ಬಂತು.

ಹೊರಡುವ ಮೊದಲು ನೀರು ಪರೀಕ್ಷೆ ಮಾಡಿದೆ. ಹೇಳಲು ಹೇಸಿಗೆಯಾಗುತ್ತದೆ, ಆದರೆ ಮಾಡಿದೆ. ತಿಳಿ ನೇರಳೆ. ಮೀನು ತರಲೆಂದು ತೆಗೆದಿಟ್ಟಿದ್ದ ಬಕೆಟ್ಟು ಬಿಟ್ಟು ಹೂವಿನ ಹಾರ ಹಿಡಿದು ಹೋದೆ. ಅಂಗಳದಲ್ಲಿ ಅವನನ್ನು ಮಲಗಿಸಿದ್ದರು. ಒಳಗೆ ಹೋಗಿ ತೊಟ್ಟಿ ನೋಡುವ ಧೈರ್ಯ ಆಗಲಿಲ್ಲ. ಹೆಣ ಇಟ್ಟ ಮನೆಯಲ್ಲಿ ಮೀನಿನ ಮಾತೆತ್ತಿದರೆ ನಾಲ್ಕು ಜನ ಏನಂದಾರು? ಮಣ್ಣು ಮಾಡಿ, ಅಲ್ಲಿಂದಲೇ ವಾಪಸ್ ಹೊರಟೆ. ದಾರಿಯಲ್ಲಿ ವಸ್ತಾರೆ ದಾಟುವಷ್ಟರಲ್ಲಿ, ಜೀವ ಇರುವ ನೀರನ್ನು ಯಾರಾದರೂ ಚೆಲ್ಲುತ್ತಾರೆಯೇ, ಕಾಯಿಲೆಯವನ ಭಯ ಅದು ಎಂದು ನನಗೆ ನಾನೇ ಒಪ್ಪಿಸಿಬಿಟ್ಟಿದ್ದೆ.

ಮೂರನೇ ದಿನ ಬೆಳಿಗ್ಗೆ ಸೀಸೆ ತಿಳಿನೀಲಿಗೆ ತಿರುಗಿತು. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳು ಸೀಸೆಯನ್ನೂ ನನ್ನನ್ನೂ ನೋಡಿ, "ಹಾಗಾದ್ರೆ ಈಗ್ಲೇ ಹೋಗಿ ತರ್ತೀರಾ?" ಎಂದಳು.

"ಸೂತಕದ ಮನೆಯಿಂದ ಏನಾದ್ರೂ ತರೋದುಂಟಾ? ತಿಥಿ ಆಗ್ಲಿ" ಎಂದೆ.

ನಿಜ ಹೇಳಬೇಕೆಂದರೆ ನನಗೆ ಸೂತಕದ ಭಯವೇನೂ ಇರಲಿಲ್ಲ. ಅಳುವವರ ನಡುವೆ ಬಕೆಟ್ಟು ಹಿಡಿದು ನಿಲ್ಲಲು ನಾಚಿಕೆ. ಮೂಡಿಗೆರೆಗೆ ಒಂದು ಗಂಟೆಯ ದಾರಿ. ನಾನು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದೆ. ಆಮೇಲೆ ಎಂಟು ದಿನ, ಊಟ ತಪ್ಪಿದರೆ ಆ ಜೀವಗಳು ಸಾಯುತ್ತವೆಂದು, ಒಂದು ದಿನವೂ ತಪ್ಪಿಸದೆ ನವಸಾಗರ ಹಾಕಿದೆ.

ಹನ್ನೊಂದನೇ ದಿನ ಮುಚ್ಚಳದ ಬಕೆಟ್ಟನ್ನು ಕಾರಿನಲ್ಲಿಟ್ಟುಕೊಂಡು ತಿಥಿಗೆ ಹೋದೆ. ಹಿತ್ತಲಿನಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಅಡುಗೆ ನಡೆದಿತ್ತು. ಅದರ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ತೊಟ್ಟಿಯನ್ನು ಮಗುಚಿ ಹಾಕಿದ್ದರು. ಯಾರೋ ಚೆನ್ನಾಗಿ ಉಜ್ಜಿದ್ದರು, ಗಾಜು ಫಳಫಳ ಅನ್ನುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಅತ್ತಿಗೆ ನನ್ನನ್ನು ನೋಡಿ ಹಿತ್ತಲ ಬಾಗಿಲಿಗೆ ಬಂದರು. ದನಿ ಒಡೆದುಹೋಗಿತ್ತು.

"ಮೊದಲನೇ ದಿನವೇ ಚೆಲ್ಲಕ್ಕೆ ಬಂದ್ರು. ನಾನು ಬಿಡ್ಲಿಲ್ಲ. ಅದರ ಮುಂದೆ ಚಾಪೆ ಹಾಕ್ಕೊಂಡು ಕೂತೆ. ಅವರ ಸ್ನೇಹಿತರು ಬರ್ತಾರೆ, ಬಂದು ತಗೊಂಡು ಹೋಗ್ತಾರೆ ಅಂತ ಹೇಳ್ದೆ. ಎರಡನೇ ದಿನವೂ ಅದನ್ನೇ ಹೇಳ್ದೆ. ಫೋನ್ ಮಾಡೋಣ ಅಂದ್ರೆ ಅವರ ಮೊಬೈಲ್ ಯಾರೋ ಎತ್ತಿಟ್ಟಿದ್ರು, ನಿಮ್ಮ ನಂಬರ್ ಅದ್ರಲ್ಲೇ ಇತ್ತು. ಮೂರನೇ ದಿನ ಹಾಲು ತುಪ್ಪ ಅಲ್ವಾ, ಸೂತಕದ ನೀರು ಇಟ್ಕೊಂಡು ಹೆಂಗೆ ಬಿಡೋದು ಅಂತ ಅವರ ಸೋದರತ್ತೆ ಅತ್ರು. ಮಧ್ಯಾಹ್ನದ ತನಕ ಕಾಯಿರಿ ಅಂದೆ. ಕಾದ್ರು ಪಾಪ."

ಅವರು ಮಗುಚಿದ ತೊಟ್ಟಿಯ ಕಡೆ ತಿರುಗಿದರು.

"ಆಮೇಲೆ ನಾನೇ ಹಿಡಿದು ಬಕೆಟ್ಟಿಗೆ ಬಿಟ್ಟೆ. ನಲ್ಲಿ ನೀರು. ಸ್ಪಂಜನ್ನೂ ಬಿಸಾಕಿದ್ರು. ಎರಡು ದಿನ ಇದ್ವು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮ ನೀರು ಸರಿ ಆಯ್ತಾ?"

"ಆಯ್ತು ಅತ್ತಿಗೆ."

"ಯಾವತ್ತು?"

ಅವರು ಚುಚ್ಚಲು ಕೇಳಲಿಲ್ಲ. ಅವರಿಗೆ ತಿಳಿಯಬೇಕಾಗಿತ್ತು. ಹತ್ತು ದಿನದಿಂದ ಅದೊಂದನ್ನೇ ಯೋಚಿಸುತ್ತಿದ್ದ ಮುಖ ಅದು.

"ನಿನ್ನೆ" ಎಂದೆ.

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ಹಂಗಾದ್ರೆ ಅವತ್ತು ನೀವು ಬಂದಿದ್ರೂ ಪ್ರಯೋಜನ ಇರ್ಲಿಲ್ಲ ಬಿಡಿ. ನಾನು ಸುಮ್ನೆ ನಿಮ್ಮನ್ನ ಬೈಕೊಂಡೆ, ತಪ್ಪು ತಿಳೀಬೇಡಿ" ಎಂದರು. ಎಲೆ ಹಾಕಿದ್ದಾರೆ, ಬನ್ನಿ ಎಂದು ತಾವೇ ಮುಂದೆ ನಡೆದು ನನಗೆ ಜಾಗ ತೋರಿಸಿದರು. ನಾನು ಕೂತು ಊಟ ಮಾಡಿದೆ. ಪಾಯಸ ಬಂದಾಗ ಅವರು ಬಡಿಸುವವನನ್ನು ಕರೆದು, ಇವರು ದೂರದಿಂದ ಬಂದಿದ್ದಾರೆ, ಇನ್ನೊಂದು ಸೌಟು ಹಾಕು ಎಂದರು.