ಕಾಲು ಮುರಿದ ಕುರ್ಚಿ

ನನ್ನ ಸೋದರಮಾವ ಆಸ್ಪತ್ರೆಯ ಆಪರೇಷನ್ ಥಿಯೇಟರ್ ಮುಂದಿನ ಹಾಲ್‌ನಲ್ಲಿ ಅಟೆಂಡರ್. ನೆಲ ಒರೆಸುವುದು, ಕುರ್ಚಿಗಳನ್ನು ಸಾಲಾಗಿಡುವುದು, ಒಳಗಿನಿಂದ ನರ್ಸ್ ಹೇಳಿದಾಗ "ಪೇಷೆಂಟ್ ಕಡೆಯವರು ಯಾರು?" ಎಂದು ಕೂಗುವುದು ಅವನ ಕೆಲಸ. ಎದ್ದು ಬಂದವರ ಮುಖವನ್ನು ಅವನು ನೋಡುತ್ತಿರಲಿಲ್ಲ. ಮೊದಮೊದಲು ನೋಡುತ್ತಿದ್ದನಂತೆ, ಆಗ ಊಟ ಸೇರುತ್ತಿರಲಿಲ್ಲವಂತೆ. ಇಷ್ಟು ದೊಡ್ಡ ನಗರದ ಅಳುವನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಬದುಕುವುದು ಹೇಗೆ ಎಂದು ಕೇಳುತ್ತಿದ್ದ. "ನನ್ನ ತಮ್ಮ ಮರಗಟ್ಟಿಹೋದ ಕಣೇ" ಎಂದು ಅಮ್ಮ ಮಾತ್ರ ಕೊರಗುತ್ತಿದ್ದಳು. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಒಮ್ಮೆ ಥಿಯೇಟರ್ ಬಾಗಿಲ ಪಕ್ಕದ ಮರದ ಕುರ್ಚಿಯ ಹಿಂಗಾಲು ಮುರಿಯಿತು. ಮೊಳೆ ಹೊಡೆಯುವ ಹಾಗಿಲ್ಲ, ಅದು ಬಡಗಿಯ ಕೆಲಸ. ಹೊರಗೆ ಹಾಕುವ ಹಾಗೂ ಇಲ್ಲ, ಸ್ಟೋರಿನವರ ಒಪ್ಪಿಗೆ ಬೇಕು. ಅವರೋ ಇವತ್ತು ನಾಳೆ ಎಂದು ಸತಾಯಿಸಿದರು. ಯಾರಾದರೂ ಕೂತು ಬಿದ್ದರೆ ತನ್ನ ತಲೆಗೆ ಬರುತ್ತದೆಂದು ಮಾವ ಕುರ್ಚಿಯ ಎರಡು ಕೈಗಳಿಗೂ ಸೇರಿಸಿ ಬ್ಯಾಂಡೇಜ್ ಬಟ್ಟೆಯನ್ನು ಅಡ್ಡ ಕಟ್ಟಿದ.

ಆ ಹಾಲ್‌ನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಮೊಣಕೈಗೆ ಮೊಣಕೈ ತಾಗಿದರೂ ಎದುರಿನ ಗೋಡೆ ನೋಡುತ್ತ ಕೂರುತ್ತಾರೆ. ಹಾಗಾಗಿ ಕುರ್ಚಿಯನ್ನು ಏಕೆ ಕಟ್ಟಿದ್ದಾರೆಂದು ಯಾರೂ ಕೇಳಲಿಲ್ಲ, ಕೂರಬಾರದ್ದು ಎಂದಷ್ಟೇ ತಿಳಿದುಕೊಂಡರು. ಒಂದು ದಿನ ಒಬ್ಬ ಹೆಂಗಸು ಹಾದುಹೋಗುವಾಗ ಆ ಬಟ್ಟೆ ಮುಟ್ಟಿ, ಕಣ್ಣು ಮುಚ್ಚಿ ನಿಂತಳು. ಅವಳ ಗಂಡ ಬದುಕಿದ. ನೋಡಿದವರು ತಾವೂ ಮುಟ್ಟಿದರು. ವರ್ಷ ತಿರುಗುವುದರೊಳಗೆ ಜನ ಆ ಕುರ್ಚಿಯ ಹತ್ತಿರ ಬಂದರೆ ದನಿ ತಗ್ಗಿಸುತ್ತಿದ್ದರು, ಫೋನನ್ನು ಜೇಬಿಗೆ ಹಾಕುತ್ತಿದ್ದರು. "ಕಾಲು ಮುರಿದಿದೆ, ಅಷ್ಟೇ" ಎಂದು ಮಾವ ಒಂದಿಬ್ಬರಿಗೆ ಹೇಳಿಯೂ ನೋಡಿದ. ಅವರು ಏನೋ ದೊಡ್ಡ ಮಾತು ಕೇಳಿದವರ ಹಾಗೆ ತಲೆಯಾಡಿಸಿದರು.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದವಳು. ಜನ ಸೇರಿ ಬೇರೆ ಎತ್ತಿಟ್ಟದ್ದೇ ಪವಿತ್ರವಾಗುತ್ತದೆ, ಆ ವಸ್ತುವಿನಲ್ಲಿ ಏನೂ ಇರಬೇಕಿಲ್ಲ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಮಾವ ಕುರ್ಚಿಯ ಕತೆ ಹೇಳಿದಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಅವನು ನಕ್ಕಿರಲಿಲ್ಲ.

ಆಮೇಲೆ ಅಮ್ಮನಿಗೇ ಹೃದಯದ ಆಪರೇಷನ್ ಎಂದಾಯಿತು. ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸ್ಟ್ರೆಚರ್ ಒಳಗೆ ಹೋದ ಮೇಲೆ ಮಾವ ಒಳಗಿನಿಂದ ಕೊಟ್ಟ ಫಾರಂ ಹಿಡಿದು ನನ್ನ ಮುಂದೆ ಬಂದು ನಿಂತು, ಗೋಡೆ ನೋಡುತ್ತ, "ಪೇಷೆಂಟ್ ಕಡೆಯವರು ಯಾರು?" ಎಂದ.

"ನೀನೂ ಕಡೆಯವನೇ ಅಲ್ವಾ ಮಾವ?"

"ಡ್ಯೂಟಿಲಿದೀನಿ. ಇಲ್ಲಿ ಸೈನ್ ಹಾಕು."

ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕಿ, ಓದಿದ್ದನ್ನೆಲ್ಲ ಗಾಳಿಗೆ ತೂರಿ, ನೇರ ಆ ಕುರ್ಚಿಯ ಹತ್ತಿರ ಹೋದೆ. ಕೈ ಚಾಚಿದ್ದೆ. ಹಿಂದಿನಿಂದ ಮಾವ, "ಅದರ ಕಾಲು ಮುರಿದಿದೆ ಕಣೇ, ಕಟ್ಟಿದ್ದು ನಾನೇ" ಎಂದ. ಚಾಚಿದ ಕೈ ಅಲ್ಲೇ ನಿಂತಿತು. ಅಷ್ಟನ್ನೂ ನನ್ನಿಂದ ಕಿತ್ತುಕೊಳ್ಳಬೇಕಿತ್ತೇ ಅನ್ನಿಸಿತು. ಬಂದು ಗೋಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಸಿಟ್ಟೂ ಹೋಯಿತು, ಏನೂ ಅನ್ನಿಸದಾಯಿತು.

ಮಧ್ಯಾಹ್ನ ಸ್ಟೋರಿನವನು ಆರ್ಡರ್ ಹಿಡಿದು ಬಂದ. "ಮುರಿದ ಕುರ್ಚಿ ಒಯ್ಯೋಕೆ ಬಂದಿದೀನಿ, ಬಟ್ಟೆ ಬಿಚ್ಚಿ" ಎಂದ. ಹಾಲ್‌ನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಮಾವ ಆರ್ಡರ್ ಓದಿದ. ಎಲ್ಲ ಸರಿಯಾಗಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅವನು ಒಂದು ನಿಯಮವನ್ನೂ ಮೀರಿದವನಲ್ಲ.

"ಇವತ್ತು ಬೇಡ" ಎಂದ.

"ಯಾಕಣ್ಣ? ತಗೊಂಡು ಹೋಗಿ ಅಂತ ನಮ್ಮ ಪ್ರಾಣ ತಿಂದೋರು ನೀವೇ ಅಲ್ವಾ?"

"ಅಕ್ಕ ಒಳಗಿದಾಳೆ."

ಸ್ಟೋರಿನವನು ಅವನ ಮುಖ ನೋಡಿ, ಆರ್ಡರ್ ಮಡಚಿ ಜೇಬಿಗಿಟ್ಟು ಹೊರಟುಹೋದ. ಮಾವನ ಕೈ ಬಟ್ಟೆಯ ಮೇಲಿತ್ತು. ನಾನೂ ಎದ್ದು ಹೋಗಿ ಪಕ್ಕದಲ್ಲಿ ಕೈಯಿಟ್ಟೆ. ಈ ಸಲ ಅವನು ಕೊಂಚ ಸರಿದು ಜಾಗ ಬಿಟ್ಟ.

ಸಂಜೆ ನರ್ಸ್ ಬಂದು ಅವನ ಕಿವಿಯಲ್ಲಿ ಏನೋ ಹೇಳಿದಳು. ಮಾವ ಕೂಗಲಿಲ್ಲ. ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಅವನು ಆ ಹಾಲ್‌ನಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಮ್ಮ ಹೋದಳೆಂದು ನನಗೆ ಗೊತ್ತಾಯಿತು. ಇಬ್ಬರೂ ಅಳಲಿಲ್ಲ.

ಮತ್ತೆ ಡ್ಯೂಟಿಗೆ ಹೋದ ದಿನ ಮಾವನೇ ಸ್ಟೋರಿನವನನ್ನು ಕರೆಸಿ, ಬಟ್ಟೆ ಬಿಚ್ಚಿ, ಕುರ್ಚಿ ಕೊಟ್ಟುಬಿಟ್ಟ. ಈಗ ಬಾಗಿಲ ಪಕ್ಕ ಬರೀ ನೆಲ. ಮೊನ್ನೆ ಊಟದ ಡಬ್ಬಿ ಕೊಡಲು ಹೋದಾಗ ಅವನು ಹಾಲ್ ಒರೆಸುತ್ತಿದ್ದ. ಬಾಗಿಲ ಹತ್ತಿರ ಬಂದಾಗ ಕುರ್ಚಿಯಿದ್ದ ಜಾಗವೊಂದನ್ನು ಬಿಟ್ಟು, ಸುತ್ತು ಹಾಕಿ ಒರೆಸಿದ.

"ಅಲ್ಲಿ ಯಾಕೆ ಬಿಟ್ಟೆ ಮಾವ?"

"ನೆಲ ಒಡೆದಿದೆ" ಎಂದ.

ನಾನು ಬಗ್ಗಿ ನೋಡಿದೆ. ನೆಲ ಚೆನ್ನಾಗಿಯೇ ಇತ್ತು.