ನಾರಿನ ಹಾಸಿನ ಮೇಲಿನ ಗುಮಾನಿ

ಯುದ್ಧದ ಕಾಲ. ಹಾಸನದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಊರಿನ ಟಾಕೀಸೊಂದರಲ್ಲಿ ಮಾತೆಲ್ಲ ಗೋಡೆಗೆ ಬಡಿದು ಮರಳಿ, ನಾಯಕಿ ಅತ್ತರೂ ನಕ್ಕರೂ ಒಂದೇ ಗದ್ದಲ. ಗೋಡೆಗಳಿಗೆ ತೆಂಗಿನ ನಾರಿನ ದಪ್ಪ ಹಾಸು ಹೊಡೆಸಿದರೆ ಸದ್ದು ಹೀರಿಕೊಳ್ಳುತ್ತದೆ ಎಂದು ನಾನೇ ಹೇಳಿದ್ದೆ. ಮಾಲೀಕರು ಮಾದರಿಗೆಂದು ಎರಡು ಕಡೆಯಿಂದ ಒಂದಷ್ಟು ಹಾಸು ತರಿಸಿದರು. ಹೊಳೆನರಸೀಪುರದ ವ್ಯಾಪಾರಿಯೊಬ್ಬನದು ಭಾರ. ಚನ್ನರಾಯಪಟ್ಟಣದಲ್ಲಿ ನಾರು ಬಡಿಯುವ ಹೆಂಗಸೊಬ್ಬಳದು ಹಗುರ. ಉದ್ದಗಲ, ದಪ್ಪ ಎಲ್ಲ ಒಂದೇ.

"ತೂಕದಲ್ಲೇ ಮೋಸ ಕಾಣ್ತಾ ಐತಲ್ಲ ಮೇಷ್ಟ್ರೇ. ಒಳಗೆ ಉಲ್ಲು ತುಂಬವಳೆ," ಎಂದರು ಮಾಲೀಕರು.

ನನಗೂ ಹಾಗೇ ಅನ್ನಿಸಿತು. ಹಾಸು ತಂದಿದ್ದ ಆಕೆಯ ಎದುರಿಗೇ ಹೊಲಿಗೆ ಬಿಚ್ಚಿ ಕೈಹಾಕಿ ಹುಡುಕಿದೆ. ನಾರಲ್ಲದೆ ಏನೂ ಸಿಗಲಿಲ್ಲ.

"ಮೂರು ಸಲ ಬಡಿದಿವ್ನಿ ಸಾ, ಕೂದ್ಲಂಗೆ ಸಣ್ಣಗೈತೆ. ಅದ್ಕೇ ಅಗುರ."

ನಾನು ನಂಬಲಿಲ್ಲ.

ಶಾಲೆಯಲ್ಲಿ ಸೀಮೆಎಣ್ಣೆ ಡಬ್ಬವೊಂದರ ತಳಕ್ಕೆ ನಲ್ಲಿ ಕೂರಿಸಿ, ನೀರು ತುಂಬಿ, ಬಾಯಿಗೆ ಕೊಳವೆ ಸಿಕ್ಕಿಸಿ ಸುತ್ತ ಮೇಣ ಬಳಿದೆ. ಕೊಳವೆಯೊಳಗೆ ಹಾಸಿನ ತುಂಡು. ನಲ್ಲಿ ಬಿಟ್ಟರೆ, ನೀರು ಇಳಿದಷ್ಟು ಗಾಳಿ ಆ ನಾರಿನೊಳಗಿಂದಲೇ ಬರಬೇಕು. ಗಾಳಿ ನುಸುಳಲು ಹೆಣಗಿದರೆ ನೀರು ನಿಧಾನವಾಗುತ್ತದೆ. ಅಂಥ ನಾರಿನಲ್ಲಿ ಸದ್ದೂ ಸೊರಗುತ್ತದೆ. ಭಾರದ ತುಂಡಿಟ್ಟಾಗ ನೀರು ಸರಾಗವಾಗಿ ಸುರಿಯಿತು. ಹಗುರದ್ದಕ್ಕೆ ಧಾರೆ ಸಣ್ಣದಾಯಿತು. ಮೊದಲ ಸಲ ಎಲ್ಲೋ ಗಾಳಿ ಸೋರಿರಬೇಕೆಂದು ಮೇಣವನ್ನು ಹೊಸದಾಗಿ ಬಳಿದು ನೋಡಿದೆ. ಮತ್ತೂ ಹಾಗೇ. ಕೊನೆಗೆ ಭಾರದ ತುಂಡನ್ನು ಕಾಗದದ ಮೇಲೆ ಒದರಿದೆ. ಒರಟು ನಾರಿನ ನಡುವಿನಿಂದ ಮರಳು ಉದುರಿತು.

ಇದನ್ನು ಹೇಳಿದಾಗ ಮಾಲೀಕರು ನನ್ನನ್ನೇ ದುರುಗುಟ್ಟಿ ನೋಡಿದರು. "ಆಯಮ್ಮ ನಿಮ್ಮನೆಗೆ ಎಳನೀರು ಏನಾರ ಕಳಿಸಿದ್ಲಾ ಮೇಷ್ಟ್ರೇ?"

ಮೈ ಉರಿಯಿತು. ನಾನು ಆಕೆಗೆ ಮಾಡಿದ್ದು ಏನೆಂದು ಆಗ ತಿಳಿಯಿತು.

ಟಿಕೆಟ್ ಕೋಣೆಯ ಗೋಡೆಗಳಿಗೆ ಮೊದಲು ಭಾರದ ಹಾಸು, ಆಮೇಲೆ ಹಗುರದ್ದು ಕಟ್ಟಿಸಿ, ಮಾಲೀಕರ ಕೈಯಿಂದಲೇ ಚಪ್ಪಾಳೆ ತಟ್ಟಿಸಿದೆ. ಎರಡನೆಯ ಸಲ ಸದ್ದು ಅಂಗೈಯಲ್ಲೇ ಸತ್ತಂತಾಯಿತು. ಇದರಲ್ಲೂ ಏನಾದರೂ ಮೋಸವಿದೆಯೇ ಎಂದು ಅವರು ಹೊರಗೆ ಹೋಗಿ ನೋಡಿಬಂದು ಮತ್ತೆ ತಟ್ಟಿದರು. ಕೊನೆಗೆ ಒಪ್ಪಿದರು.

ಕೇರಿಯ ಹೆಂಗಸರನ್ನು ಸೇರಿಸಿಕೊಂಡು ಆಕೆ ಇಡೀ ಟಾಕೀಸಿಗೆ ಹಾಸು ಮಾಡಿಕೊಟ್ಟಳು. ಒಪ್ಪಿಸಲು ಬಂದ ದಿನ, "ತಪ್ಪಾಯ್ತಮ್ಮ, ನಿಮ್ಮ ಮಾಲು ಚೆನ್ನಾಗಿದೆ," ಎಂದೆ.

"ಬಾಯಿ ಮಾತು ಬ್ಯಾಡ ಸಾ. ಬರ್ಕೊಡಿ."

ಬರೆದು ಸಹಿ ಮಾಡಿಕೊಟ್ಟೆ. ಆಕೆಗೆ ಓದು ಬರುತ್ತಿರಲಿಲ್ಲ. ಆ ಕಾಗದವನ್ನು ಅಂಚೆ ಕಚೇರಿಯಲ್ಲಿ ಒಬ್ಬರಿಂದ, ಬಸ್ ನಿಲ್ದಾಣದಲ್ಲಿ ಇನ್ನೊಬ್ಬರಿಂದ ಓದಿಸಿ, ಇಬ್ಬರೂ ಒಂದೇ ಮಾತು ಹೇಳಿದ ಮೇಲೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.